ಬಂಡೆಗೆ ಅಂಟಿದ ಕಪ್ಪು ದೋಣಿ

ಅಲಾಸ್ಕಾದ ಕೆನಾಯ್ ಪರ್ಯಾಯದ್ವೀಪದ ತುದಿಯಲ್ಲಿ ಪೋರ್ಟ್ ಗ್ರಹಾಂ, ನಾನ್ವಾಲೆಕ್ ಅಂತ ಎರಡು ಪುಟ್ಟ ಹಳ್ಳಿಗಳಿವೆ. ಕಡಲ ಇಳಿತದ ಹೊತ್ತಿಗೆ ಅಲ್ಲಿನ ಸುಗ್ಪಿಯಾಕ್ ಜನ ಬಂಡೆಗಳ ಮೇಲಿಂದ ಅಂಗೈಯಗಲದ ಕಪ್ಪು ಜೀವಿಯೊಂದನ್ನು ಕಿತ್ತು ತರ್ತಾರೆ. ಹಸಿಯಾಗಿಯೂ ತಿಂತಾರೆ, ಬೇಯಿಸಿಯೂ ತಿಂತಾರೆ. ಹೆಸರು ಬಿಡಾರ್ಕಿ. ಚರ್ಮದ ಸಣ್ಣ ದೋಣಿಗೆ ರಷ್ಯನ್ನರು ಹೇಳುವ 'ಬೈದಾರ್ಕಾ'ದಿಂದ ಬಂದ ಪದ. ಬೋರಲು ಹಾಕಿದ ದೋಣಿ ಥರಾನೇ ಇದೆ, ನೋಡಿ!

ವಿಜ್ಞಾನಿಗಳಿಗೆ ಇದು ಕ್ಯಾಥರಿನಾ ಟ್ಯುನಿಕೇಟಾ, ಕೈಟನ್ ಗುಂಪಿನದು, ಬಸವನಹುಳುವಿನ ದೂರದ ನೆಂಟ. ಬೆನ್ನಿನ ಮೇಲೆ ಎಂಟು ಚಿಪ್ಪುಗಳು, ಅವನ್ನು ಬಹುಪಾಲು ಮುಚ್ಚಿರುವ ಕರಿ ಚರ್ಮ. ಇದರ ಹಲ್ಲಿನ ತುದಿಯಲ್ಲಿರೋದು ಮ್ಯಾಗ್ನಟೈಟ್, ಅಂದ್ರೆ ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಖನಿಜ! ಆ ಹಲ್ಲಿಂದ ಬಂಡೆ ಮೇಲಿನ ಪಾಚಿ, ಕೆಲ್ಪ್ ಎಲ್ಲ ಕೆರೆದು ತಿನ್ನುತ್ತೆ.

ಇಂಥ ಗಟ್ಟಿ ಪಿಂಡ ಕಳೆದ ಶತಮಾನದ ಕೊನೆಯ ಹೊತ್ತಿಗೆ ಕಡಿಮೆಯಾಗ್ತಾ ಬಂತು. ಸಿಗುವವೂ ಸಣ್ಣವೇ. ಯಾಕೆ?

ಸಾಫ್ಟ್‌ವೇರ್‌ನಲ್ಲಿ ಏನಾದ್ರೂ ಕೆಟ್ಟರೆ ನಾವು 'ರೂಟ್ ಕಾಸ್' ಅಂತ ಒಂದೇ ಒಂದು ಕಾರಣ ಹುಡುಕ್ತೀವಿ. ಮ್ಯಾನೇಜರ್‌ಗೂ ಅದೇ ಬೇಕು. ಇಲ್ಲಿ ಹಾಗೆ ಸಿಗಲಿಲ್ಲ. ತುಪ್ಪಳಕ್ಕಾಗಿ ಬೇಟೆಯಾಡಿ ಮುಗಿಸಿದ್ದ ಕಡಲ ನೀರುನಾಯಿಗಳು 1911ರ ಒಪ್ಪಂದದ ರಕ್ಷಣೆ ಸಿಕ್ಕ ಮೇಲೆ ನಿಧಾನಕ್ಕೆ ವಾಪಸ್ ಬಂದವು. ಇತ್ತ ಜನ ಒಂದೇ ಕಡೆ ನೆಲೆ ನಿಂತರು, ದೋಣಿಗೆ ಮೋಟಾರ್ ಬಂತು. 1964ರ ಭೂಕಂಪ, 1989ರ ಎಕ್ಸಾನ್ ವಾಲ್ಡೀಜ್ ತೈಲ ಸೋರಿಕೆ ಬೇರೆ. ಸೀ ಅರ್ಚಿನ್, ಏಡಿ, ನಮ್ಮ ಮಂಗಳೂರಿನವರ ಮರುವಾಯಿಯಂಥ ಚಿಪ್ಪುಗಳು ಒಂದಾದ ಮೇಲೊಂದು ಕರಗಿದವು. ಒಂದು ಸಿಗದಿದ್ದಾಗ ಇನ್ನೊಂದು ತಾನೇ? ಮನುಷ್ಯನ ಕೈ, ನೀರುನಾಯಿಯ ಬಾಯಿ ಎರಡೂ ಕೊನೆಗೆ ಬಿಡಾರ್ಕಿ ಕಡೆಗೇ ತಿರುಗಿದವು.

ಹಾಗಂತ ನೀರುನಾಯಿಯನ್ನು ಬೈಯೋಕೆ ನನಗಂತೂ ಮನಸ್ಸಿಲ್ಲ. ಅದು ತನ್ನ ಹಳೇ ಮನೆಗೇ ಬಂದಿದ್ದು. ಹಳ್ಳಿಯವರನ್ನೂ ಬೈಯುವಂತಿಲ್ಲ. ಅಂಗಡಿಯಲ್ಲಿ ತರುವ ಡಬ್ಬಿ ಊಟ ಅಜ್ಜಿ ಕಾಲದ ಬಿಡಾರ್ಕಿಗೆ ಸಮನಾದೀತೇ?

ಬಿಡಾರ್ಕಿ ಕಮ್ಮಿಯಾದ ಕಡೆ ಬಂಡೆಯ ರೂಪವೇ ಬದಲಾಗುತ್ತೆ. ಮೇಯುವವರಿಲ್ಲದೆ ಕೆಲ್ಪ್ ಬೆಳೀತಾ ಹೋಗುತ್ತೆ.

ಈ ಕಥೆಯನ್ನೆಲ್ಲ ಬಿಡಿಸಿಟ್ಟ ಸಂಶೋಧನಾ ಲೇಖನ ಬಂದಿದ್ದು 2007ರಲ್ಲಿ. ಬಂಡೆಗಳ ಮೇಲೆ ಎಣಿಸಿದ ಲೆಕ್ಕದ ಜೊತೆಗೆ ಹಳ್ಳಿಯ ಹಿರಿಯರ ನೆನಪನ್ನೂ ಪುರಾವೆಯಾಗಿ ತಗೊಂಡಿದ್ದಾರೆ. ಬರೆದ ಮೂವರಲ್ಲಿ ಆ್ಯನ್ ಸಾಲೊಮನ್, ಹೆನ್ರಿ ಹಂಟಿಂಗ್ಟನ್ ವಿಜ್ಞಾನಿಗಳು. ಇನ್ನೊಬ್ಬರು, ನಿಕ್ ತನಾಪೆ, ಆ ಊರಿನ ಹಿರಿಯರೇ.