ಕುಂಡದ ಗಿಡದ ಊಟದ ಲೆಕ್ಕ

ಮನೆಯೊಳಗೆ ಕುಂಡದಲ್ಲಿ ಗಿಡ ಸಾಕುವವರಲ್ಲಿ ಗೊಬ್ಬರದ ವಿಷಯಕ್ಕೆ ಎರಡು ಪಕ್ಷಗಳಿವೆ. ಒಂದು ಪಕ್ಷದವರು ನೀರಿನಲ್ಲಿ ಕರಗುವ 19:19:19 ಪುಡಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹದಿನೈದು ದಿನಕ್ಕೊಮ್ಮೆ ತಪ್ಪದೆ ಕೊಡುತ್ತಾರೆ. ಇನ್ನೊಂದು ಪಕ್ಷದವರು ವರ್ಷಕ್ಕೆರಡು ಸಲ ಮೇಲ್ಮಣ್ಣು ಕೆದಕಿ, ಎರಡು ಹಿಡಿ ಎರೆಗೊಬ್ಬರ, ಒಂದು ಚಮಚ ಬೇವಿನ ಹಿಂಡಿ ಬೆರೆಸಿ ಸುಮ್ಮನಾಗುತ್ತಾರೆ. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿಗಳ ಸಾಲಿನಲ್ಲಿ ಮನಿಪ್ಲಾಂಟ್ ಕೊಳ್ಳಲು ಹೋದವರಿಗೆ ಈ ಎರಡೂ ಬಗೆಯ ಸಲಹೆ ಸಿಗಬಹುದು. ಎರಡು ಪಕ್ಷದವರ ಮನೆಯಲ್ಲೂ ನಳನಳಿಸುವ ಗಿಡಗಳಿವೆ. ಹಾಗಾಗಿ ಒಬ್ಬರನ್ನು ಅಜ್ಞಾನಿಗಳೆಂದು ತಳ್ಳಿಹಾಕಿ ವಿವಾದ ಮುಗಿಸುವಂತಿಲ್ಲ. ಇಬ್ಬರ ಬಲವಾದ ಕಾರಣಗಳೇನು ಎಂದು ನೋಡಲೇಬೇಕಾಗುತ್ತದೆ.

ವೇಳಾಪಟ್ಟಿ ಪಕ್ಷದ ಮೊದಲ ವಾದ ಕುಂಡದ ಸ್ವಭಾವಕ್ಕೆ ಸಂಬಂಧಿಸಿದ್ದು. ನೆಲದ ಗಿಡ ಒಂದು ಕಡೆ ಸಿಗದ ಪೋಷಕಾಂಶವನ್ನು ಬೇರು ಚಾಚಿ ಇನ್ನೊಂದು ಕಡೆ ಹುಡುಕಿಕೊಳ್ಳುತ್ತದೆ. ಎಂಟು ಅಂಗುಲದ ಕುಂಡದಲ್ಲಿ ಆ ಅವಕಾಶವಿಲ್ಲ. ಸಾಲದ್ದಕ್ಕೆ, ನರ್ಸರಿಯಿಂದ ಬರುವ ಒಳಾಂಗಣ ಗಿಡಗಳಲ್ಲಿ ಅನೇಕವು ಇಂದು ಮಣ್ಣಿನಲ್ಲೇ ಇರುವುದಿಲ್ಲ, ಕೋಕೋಪೀಟಿನಲ್ಲಿರುತ್ತವೆ. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವಾಗ ಉದುರುವ ಈ ಪುಡಿ ತಿಪಟೂರು, ಅರಸೀಕೆರೆ ಕಡೆಯವರಿಗೆ ಹೊಸದೇನಲ್ಲ. ಅದು ಹಗುರ, ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಆಹಾರದ ದೃಷ್ಟಿಯಿಂದ ಬಹುಪಾಲು ಬರಿದು. ಅದರಲ್ಲಿ ಪೊಟ್ಯಾಸಿಯಂ, ಸೋಡಿಯಂ ಸಾಕಷ್ಟಿದ್ದರೂ ಸಾರಜನಕ, ಕ್ಯಾಲ್ಸಿಯಂ ತೀರಾ ಕಡಿಮೆ. ಹೊರಗಿನಿಂದ ಕೊಟ್ಟ ಕ್ಯಾಲ್ಸಿಯಮನ್ನೂ ಅದು ಮೊದಲು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಇದ್ದಬದ್ದ ನೈಟ್ರೇಟ್ ಪ್ರತಿ ಸಲ ನೀರು ಹಾಕಿದಾಗಲೂ ತಳದ ತೂತಿನಿಂದ ಹರಿದುಹೋಗುತ್ತದೆ. ಇಂಥ ಮಾಧ್ಯಮದಲ್ಲಿ ಗಿಡವನ್ನು ಪ್ರಕೃತಿಗೆ ಬಿಡುತ್ತೇವೆ ಎನ್ನುವುದು ಅದನ್ನು ಉಪವಾಸ ಕೆಡವಿದಂತೆ ಎಂಬುದು ಈ ಪಕ್ಷದ ಆಕ್ಷೇಪ.

ಎರಡನೆಯ ವಾದ ರಸಾಯನಶಾಸ್ತ್ರದ್ದು. ಸಸ್ಯಗಳ ಆಹಾರ ಹ್ಯೂಮಸ್ ಅಲ್ಲ, ಖನಿಜಗಳು ಎಂದು ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್ 1840ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ. ಬೇರು ಮುಖ್ಯವಾಗಿ ಹೀರುವುದು ನೈಟ್ರೇಟ್, ಅಮೋನಿಯಂ, ಫಾಸ್ಫೇಟ್, ಪೊಟ್ಯಾಸಿಯಂ ಅಯಾನುಗಳನ್ನು. ಸಗಣಿಯಿಂದ ಬಂದ ನೈಟ್ರೇಟಿಗೂ ಪೊಟ್ಟಣದಿಂದ ಬಂದ ನೈಟ್ರೇಟಿಗೂ ಬೇರಿನ ಮಟ್ಟದಲ್ಲಿ ಭೇದವಿಲ್ಲ. ಹಾಗಿದ್ದ ಮೇಲೆ ಅಳತೆ ಗೊತ್ತಿರುವುದನ್ನು ಕೊಡುವುದೇ ಜಾಣತನವಲ್ಲವೇ? ಒಂದು ಲೀಟರ್ ನೀರಿಗೆ ಒಂದು ಗ್ರಾಂ 19:19:19 ಕರಗಿಸಿದರೆ ಅದರಲ್ಲಿ 190 ಮಿಲಿಗ್ರಾಂ ಸಾರಜನಕ ಇರುತ್ತದೆ. ಇಷ್ಟು ಖಚಿತವಾದ ಮಾತನ್ನು ಒಂದು ಹಿಡಿ ಗೊಬ್ಬರದ ಬಗ್ಗೆ ಹೇಳಲಾಗದು.

ಇದಕ್ಕೆ ಎದುರುಪಕ್ಷ ಕೊಡುವ ಉತ್ತರ ಬೆಳಕಿನದು. ನನ್ನ ದೃಷ್ಟಿಯಲ್ಲಿ ಅವರ ವಾದಗಳಲ್ಲೆಲ್ಲ ಗಟ್ಟಿಯಾದದ್ದು ಇದೇ. ನೆತ್ತಿಯ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಒಂದು ಲಕ್ಷ ಲಕ್ಸ್ ಸಮೀಪವಿರುತ್ತದೆ. ಕಿಟಕಿಯಿಂದ ಎರಡು ಮೂರು ಮೀಟರ್ ಒಳಗೆ, ಸೋಫಾದ ಪಕ್ಕದಲ್ಲಿ, ಅದು ಕೆಲವೇ ನೂರಕ್ಕೆ ಇಳಿಯುತ್ತದೆ. ಗಿಡ ಬೆಳೆಯುವುದು ಬೆಳಕಿನಿಂದ ತಯಾರಾದ ಸಕ್ಕರೆಯಿಂದ, ಗೊಬ್ಬರ ಅದಕ್ಕೆ ಪೂರಕ ಮಾತ್ರ. ಸಕ್ಕರೆಯೇ ತಯಾರಾಗದಿದ್ದಾಗ ಕೊಟ್ಟ ಲವಣ ಹೋಗುವುದಾದರೂ ಎಲ್ಲಿಗೆ? ಕುಂಡದಲ್ಲೇ ಉಳಿಯುತ್ತದೆ. ಕೆಂಪು ಮಣ್ಣಿನ ಕುಂಡವಾದರೆ ಅಂಚಿನ ಕೆಳಗೆ ಬೆರಳಗಲದ ಬಿಳಿ ಪಟ್ಟಿ ಏಳುತ್ತದೆ, ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ. ಮಾಧ್ಯಮದಲ್ಲಿ ಲವಣ ಹೆಚ್ಚಿದಾಗ ಬೇರಿಗೆ ನೀರು ಹೀರುವುದೇ ಕಷ್ಟ. ಎಲೆಯ ತುದಿ ಕಂದಾಗುತ್ತದೆ, ಆಮೇಲೆ ಅಂಚು ಒಣಗುತ್ತಾ ಒಳಗೆ ಸರಿಯುತ್ತದೆ. ಗಿಡ ಸೊರಗಿತೆಂದು ಮಾಲೀಕರು ಇನ್ನಷ್ಟು ಗೊಬ್ಬರ ಕೊಟ್ಟರೆ ಹಾನಿ ಇಮ್ಮಡಿಯಾಗುತ್ತದೆ. ಮನೆಯೊಳಗಿನ ಗಿಡಗಳು ಹಸಿವಿನಿಂದ ಸಾಯುವುದಕ್ಕಿಂತ ಅತಿಯಾದ ಉಪಚಾರದಿಂದ ಸಾಯುವುದೇ ಹೆಚ್ಚು ಎಂದು ಈ ಪಕ್ಷದವರು ಹೇಳುವಾಗ ಅನುಭವಸ್ಥರಲ್ಲಿ ಅನೇಕರು ತಲೆದೂಗುತ್ತಾರೆ.

ಆದರೂ ಇಲ್ಲಿ ಎಚ್ಚರ ಬೇಕು. ಆ ಬಿಳಿ ಪಟ್ಟಿಯೆಲ್ಲ ಗೊಬ್ಬರದ್ದಲ್ಲ. ಗಡಸು ನೀರಿನ ಸುಣ್ಣದ ಪಾಲೂ ಅದರಲ್ಲಿದೆ. ಎಲೆ ತುದಿ ಸುಟ್ಟಂತಾಗುವುದಕ್ಕೂ ಬೇರೆ ಕಾರಣಗಳಿವೆ. ಡ್ರಸೀನಾ, ಸ್ಪೈಡರ್ ಪ್ಲಾಂಟ್‌ಗಳಿಗೆ ಫ್ಲೋರೈಡ್ ಆಗಿಬರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಅದು ಇದೆ, ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಇದೆ. ತುದಿ ಕಂದಿದ ಪ್ರತಿ ಎಲೆಯನ್ನೂ ವೇಳಾಪಟ್ಟಿಯ ವಿರುದ್ಧ ಸಾಕ್ಷಿಯಾಗಿ ಹಾಜರುಪಡಿಸುವುದು ನ್ಯಾಯವಲ್ಲ.

ಸಾವಯವ ಎಂದರೆ ಅಪಾಯವಿಲ್ಲ ಎಂಬ ನಂಬಿಕೆಯನ್ನೂ ವೇಳಾಪಟ್ಟಿ ಪಕ್ಷ ಪ್ರಶ್ನಿಸುತ್ತದೆ, ಸಕಾರಣವಾಗಿಯೇ. ಎರೆಗೊಬ್ಬರದ ಸಾರಜನಕ ಸಾಮಾನ್ಯವಾಗಿ ಶೇ 1ರಿಂದ 2. ಯಾವ ಚೀಲದಲ್ಲಿ ಎಷ್ಟಿದೆ ಎಂಬುದು ಎರೆಹುಳುಗಳಿಗೆ ಏನು ತಿನ್ನಿಸಿದರು ಎಂಬುದರ ಮೇಲೆ ನಿಂತಿದೆ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಶೇ 7ರ ಸುಮಾರು. ಅದನ್ನು ನೆನೆಸಿ, ಕೊಳೆಸಿ, ತಿಳಿ ಬಸಿದು ಹಾಕುವಾಗ ಕೈ ಮಿತಿಮೀರಿದರೆ ಅಮೋನಿಯಾದಿಂದ ಬೇರು ಸುಡುವುದುಂಟು. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಸೇರಿಸಿ ಹುದುಗಿಸುವ ಜೀವಾಮೃತ ಹೊಲದಲ್ಲಿ ಸರಿ, ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದರ ವಾಸನೆ ತಡೆಯುವುದು ಕಷ್ಟ. ಸದಾ ತೇವವಿರುವ ಸಾವಯವ ಮೇಲ್ಪದರದಲ್ಲಿ ಫಂಗಸ್ ನ್ಯಾಟ್ ಎಂಬ ಸಣ್ಣ ಕರಿನೊಣ ಮೊಟ್ಟೆಯಿಡುತ್ತದೆ, ಅದರ ಮರಿಹುಳುಗಳು ಎಳೆಬೇರನ್ನೂ ತಿನ್ನುತ್ತವೆ.

ಇದನ್ನೆಲ್ಲ ಒಪ್ಪಿಕೊಂಡೂ ಸಾವಯವ ಪಕ್ಷ ತನ್ನ ನೆಲೆ ಬಿಡುವುದಿಲ್ಲ. ಗೊಬ್ಬರವೆಂದರೆ ಪೋಷಕಾಂಶದ ಮೊತ್ತ ಮಾತ್ರವಲ್ಲ, ಅದನ್ನು ಹಿಡಿದಿಡುವ ವ್ಯವಸ್ಥೆಯೂ ಹೌದು ಎನ್ನುತ್ತದೆ. ಚೆನ್ನಾಗಿ ಕಳಿತ ಗೊಬ್ಬರ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತನ್ನ ಮೈಗೆ ಅಂಟಿಸಿಕೊಂಡು ಬೇರಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಮಣ್ಣಿನ ಹುಳಿ ಕ್ಷಾರಗಳ ಏರಿಳಿತವನ್ನೂ ತಗ್ಗಿಸುತ್ತದೆ. ಹೀಗಾಗಿ ಸಾಕುವವರ ಸಣ್ಣಪುಟ್ಟ ತಪ್ಪುಗಳನ್ನು ಅದು ತಾಳಿಕೊಳ್ಳಬಲ್ಲದು. ತಿಂಗಳುಗಟ್ಟಲೆ ಕೆಲಸದ ಗಡಿಬಿಡಿಯಲ್ಲಿ ಗಿಡದ ಕಡೆ ನೋಡಲೂ ಆಗದವರಿಗೆ ಈ ಗುಣದ ಬೆಲೆ ಕಡಿಮೆಯಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಸೂಕ್ಷ್ಮಜೀವಿಗಳಿಂದ ಹುದುಗಿಸಿದ ಕೋಕೋಪೀಟನ್ನು ರೂಪಿಸಿದೆ. ಬರಿದಾದ ಮಾಧ್ಯಮಕ್ಕೆ ಜೀವ ತುಂಬುವುದು ವಿಜ್ಞಾನದ ಹಾದಿಯೂ ಹೌದು ಎಂಬುದಕ್ಕೆ ಅದನ್ನು ನಿದರ್ಶನವಾಗಿ ತೋರಿಸಬಹುದು.

ಇಲ್ಲೊಂದು ಲೆಕ್ಕ ಮಾಡಿ ನೋಡುವುದು ಉಚಿತ. ವೇಳಾಪಟ್ಟಿಯವರು ಒಂದು ಕುಂಡಕ್ಕೆ ಹದಿನೈದು ದಿನಕ್ಕೊಮ್ಮೆ, ಲೀಟರಿಗೆ ಒಂದು ಗ್ರಾಮಿನಂತೆ ಕಲಸಿದ ದ್ರಾವಣವನ್ನು ಕಾಲು ಲೀಟರ್ ಕೊಡುತ್ತಾರೆ ಎನ್ನೋಣ. ವರ್ಷಕ್ಕೆ 24 ಸಲ, ಒಟ್ಟು ಆರು ಲೀಟರ್. ಅದರಲ್ಲಿರುವ ಸಾರಜನಕ ಸುಮಾರು 1.14 ಗ್ರಾಂ. ಸಾವಯವದವರು ವರ್ಷಕ್ಕೆರಡು ಸಲ ನೂರು ನೂರು ಗ್ರಾಂ ಎರೆಗೊಬ್ಬರ ಹಾಕುತ್ತಾರೆ ಎನ್ನೋಣ. ಶೇ 1.5ರ ಲೆಕ್ಕದಲ್ಲಿ ಸಾರಜನಕ ಮೂರು ಗ್ರಾಂ. ಅದರಲ್ಲಿ ಮೂರನೇ ಒಂದು ಪಾಲು ಆ ವರ್ಷದಲ್ಲಿ ಗಿಡಕ್ಕೆ ದಕ್ಕಿತು ಎಂದಿಟ್ಟುಕೊಂಡರೆ ಒಂದು ಗ್ರಾಂ. ಇದು ಅಂದಾಜಿನ ಲೆಕ್ಕ, ನಿಜ. ಆದರೆ ಪರಸ್ಪರ ವಿರುದ್ಧವೆಂದು ಭಾವಿಸಿದ ಎರಡು ಪದ್ಧತಿಗಳು ವರ್ಷದ ಕೊನೆಗೆ ಎಷ್ಟು ಹತ್ತಿರ ಬಂದು ನಿಲ್ಲಬಲ್ಲವು ಎಂಬುದನ್ನು ತೋರಿಸಲು ಸಾಕು. ಎರಡೂ ಪಕ್ಷಗಳಲ್ಲಿ ಆರೋಗ್ಯವಂತ ಗಿಡಗಳಿರುವ ರಹಸ್ಯವೂ ಬಹುಶಃ ಇಲ್ಲೇ ಇದೆ. ಅಂತರ ಇರುವುದು ಒಟ್ಟು ಮೊತ್ತದಲ್ಲಿ ಅಲ್ಲ, ಅದು ಯಾವಾಗ ಒದಗುತ್ತದೆ ಮತ್ತು ಅದರ ಹಿಡಿತ ಯಾರ ಕೈಯಲ್ಲಿರುತ್ತದೆ ಎಂಬುದರಲ್ಲಿ.

ಯಾವುದನ್ನು ಕೊಡಬೇಕು ಎಂಬ ವಿಚಾರದಲ್ಲಿ ವೇಳಾಪಟ್ಟಿಯವರ ಅಚ್ಚುಮೆಚ್ಚಿನ ಪುಡಿಯೂ ವಿಮರ್ಶೆಗೆ ಹೊರತಲ್ಲ. ಎಲೆಗಾಗಿಯೇ ಬೆಳೆಸುವ ಗಿಡಗಳಿಗೆ ಸಾರಜನಕ, ರಂಜಕ, ಪೊಟ್ಯಾಷ್‌ಗಳು 3:1:2ರ ಆಸುಪಾಸಿನ ಅನುಪಾತದಲ್ಲಿರುವುದು ಒಳ್ಳೆಯದೆಂದು ತೋಟಗಾರಿಕೆಯಲ್ಲಿ ಬಹುಕಾಲದಿಂದ ಹೇಳುತ್ತಾರೆ. 19:19:19ರಲ್ಲಿ ಮೂರೂ ಸಮ. ಬೇಡದ ರಂಜಕ ಕುಂಡದಲ್ಲಿ ಶೇಖರವಾಗುತ್ತಾ ಹೋದರೆ ಕಬ್ಬಿಣ, ಸತುವಿನ ಬಳಕೆಗೆ ಅಡ್ಡಿಯಾಗುತ್ತದೆ. ಇನ್ನು ಈ ಪುಡಿಯ ಸಾರಜನಕದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಪಾಲು ಯೂರಿಯಾ ರೂಪದಲ್ಲಿರುತ್ತದೆ. ಅದು ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗಲು ಸೂಕ್ಷ್ಮಜೀವಿಗಳ ಕೆಲಸ ಬೇಕು. ರಾಸಾಯನಿಕ ಪೊಟ್ಟಣವೂ ಕೊನೆಗೆ ಸಾವಯವದವರು ಹೇಳುವ ಜೀವಾಣುಗಳನ್ನೇ ನೆಚ್ಚಿಕೊಂಡಿದೆ! ಸಾವಯವದವರ ಅಡುಗೆಮನೆ ಪ್ರಯೋಗಗಳಿಗೂ ಇಷ್ಟೇ ನಿಷ್ಠುರವಾಗಿ ಹೇಳಬೇಕು. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿನಿಂದ ಸ್ವಲ್ಪ ಪೊಟ್ಯಾಷ್ ಸಿಗಬಹುದು, ಸಾರಜನಕ ಹೆಚ್ಚೇನೂ ಸಿಗದು. ಮೊಟ್ಟೆ ಸಿಪ್ಪೆ ಕರಗಲು ಬಹಳ ಕಾಲ ಬೇಕು.

ಯಾವಾಗ ಎಂಬ ಪ್ರಶ್ನೆಗೆ ನಮ್ಮಲ್ಲಿ ಪ್ರಚಲಿತವಿರುವ ಉತ್ತರ ಮಾತ್ರ ಎರವಲು ತಂದದ್ದು. ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಕೊಡಿ, ಚಳಿಗಾಲದಲ್ಲಿ ನಿಲ್ಲಿಸಿ ಎಂದು ಎರಡು ಪಕ್ಷದವರೂ ಹೇಳುವುದುಂಟು. ಲಂಡನ್ನಿನಂಥ ಊರಿಗೆ ಈ ಮಾತು ಸರಿ. ಅಲ್ಲಿ ಜೂನಿನ ಹಗಲು ಹದಿನಾರೂವರೆ ಗಂಟೆ, ಡಿಸೆಂಬರಿನದು ಎಂಟಕ್ಕೂ ಕಡಿಮೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಅಂತರ ಒಂದೂವರೆ ಗಂಟೆಯಷ್ಟೇ. ಇದಕ್ಕಿಂತ ಮುಖ್ಯವಾದದ್ದು ಸೂರ್ಯನ ಓಡಾಟ. ಜೂನಿನಲ್ಲಿ ಇಲ್ಲಿಯ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ದಕ್ಷಿಣದ ಕಿಟಕಿಯಲ್ಲಿಟ್ಟ ಪೀಸ್ ಲಿಲಿಗೆ ಎಳೆಬಿಸಿಲು ತಾಗುವುದು ಮಾರ್ಗಶಿರ, ಪುಷ್ಯ ಮಾಸಗಳಲ್ಲೇ. ಊಟ ನಿಲ್ಲಿಸಿ ಎಂದು ಆ ಕ್ಯಾಲೆಂಡರು ಹೇಳುವ ಹೊತ್ತಿಗೆ ಸರಿಯಾಗಿ ಅದು ಸುರುಳಿ ಬಿಚ್ಚಿ ಹೊಸ ಎಲೆ ತೆರೆಯುತ್ತಿರಬಹುದು. ಮಂಗಳೂರಿನಲ್ಲೋ ಆಗುಂಬೆಯಲ್ಲೋ ಪರಿಸ್ಥಿತಿ ಇನ್ನೂ ವಿಲೋಮ. ಆಷಾಢ, ಶ್ರಾವಣಗಳಲ್ಲಿ ಮೋಡ ಕವಿದು ಹಗಲಲ್ಲೇ ದೀಪ ಹಾಕುವಂತಾದಾಗ, ಕುಂಡದ ತೇವ ವಾರಗಟ್ಟಲೆ ಆರದಿದ್ದಾಗ, ಬೆಳವಣಿಗೆಯ ಕಾಲವೆಂದು ಗೊಬ್ಬರ ಸುರಿಯುವುದು ಬೇರಿಗೆ ಮಾಡುವ ದ್ರೋಹವಾದೀತು. ವೇಳಾಪಟ್ಟಿ ಬೇಕು ಎನ್ನುವವರಿಗೆ ನಾನು ಕೇಳಬಯಸುವ ಪ್ರಶ್ನೆ ಇದು: ಯಾವ ಊರಿನದು, ಯಾವ ಕಿಟಕಿಯದು?

ಆದರೆ ವೇಳಾಪಟ್ಟಿಯ ಪರವಾಗಿ ಕೊನೆಯದಾಗಿ ಒಂದು ಮಾತನ್ನು ಹೇಳಲೇಬೇಕು. ಗಿಡ ನೋಡಿ ಕೊಡಿ ಎಂಬ ಸಲಹೆ ಗಿಡ ಓದಲು ಬರುವವರಿಗೆ ಮಾತ್ರ ಉಪಯುಕ್ತ. ಸಾರಜನಕ ಸಾಲದಿದ್ದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ, ಏಕೆಂದರೆ ಗಿಡ ಅಲ್ಲಿಂದ ಅದನ್ನು ಹೊಸ ಚಿಗುರಿಗೆ ಸಾಗಿಸಿಕೊಳ್ಳುತ್ತದೆ. ಚಿಗುರೆಲೆಯೇ ಬಿಳಿಚಿಕೊಂಡು ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಕೊಳವೆಬಾವಿಯ ಗಡಸು ನೀರು ಮಾಧ್ಯಮವನ್ನು ಕ್ಷಾರಕ್ಕೆ ತಿರುಗಿಸಿದಾಗ, ಇರುವ ಕಬ್ಬಿಣವೂ ಬೇರಿಗೆ ದಕ್ಕದೆ ಹೀಗಾಗುತ್ತದೆ. ಎರಡಕ್ಕೂ ಹಳದಿ ಎಂದೇ ಹೆಸರಿಟ್ಟು ಎರಡಕ್ಕೂ ಒಂದೇ ಪುಡಿ ಹಾಕುವ ಹೊಸಬರಿಗೆ ನಿಶ್ಚಿತ ದಿನ, ನಿಶ್ಚಿತ ಅಳತೆ ಒಂದು ರಕ್ಷೆ.

ಇಷ್ಟನ್ನು ತೂಗಿದ ಮೇಲೆ, ಸ್ವಲ್ಪ ಹಿಂಜರಿಕೆಯಿಂದಲೇ, ನಾನು ಒಂದು ನಡುದಾರಿಯ ಕಡೆಗೆ ವಾಲುತ್ತೇನೆ. ಕುಂಡ ಬದಲಿಸುವಾಗ ಮಾಧ್ಯಮದ ಕಾಲು ಭಾಗ ಚೆನ್ನಾಗಿ ಕಳಿತ ಗೊಬ್ಬರವಿರಲಿ. ಅದರ ಮೇಲೆ, ಹೊಸ ಎಲೆ ಬರುತ್ತಿರುವಾಗ ಮಾತ್ರ, ತಿಂಗಳಿಗೊಮ್ಮೆ ಲೀಟರಿಗೆ ಅರ್ಧ ಗ್ರಾಂ ದಾಟದಂತೆ ಕರಗುವ ಗೊಬ್ಬರ ಕೊಡಬಹುದು. ಸಾರಜನಕ ಹೆಚ್ಚು, ರಂಜಕ ಕಡಿಮೆ ಇರುವ, ಲಘು ಪೋಷಕಾಂಶಗಳೂ ಸೇರಿರುವ ಪುಡಿ ಸಿಕ್ಕರೆ ಇನ್ನೂ ಒಳಿತು. ಚಿಗುರು ನಿಂತರೆ ಗೊಬ್ಬರವೂ ನಿಲ್ಲಲಿ, ತಿಂಗಳು ಯಾವುದೇ ಇರಲಿ. ದಿನಾಂಕ ಗುರುತು ಹಾಕಿಕೊಳ್ಳಬೇಕಾದ ಕೆಲಸ ಬೇರೆಯೇ ಒಂದಿದೆ: ಎರಡು ಮೂರು ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು, ಅದರ ಗಾತ್ರದ ಎರಡರಷ್ಟು ನೀರನ್ನು ನಿಧಾನವಾಗಿ ಹರಿಸಿ ಲವಣ ತೊಳೆಯುವುದು. ಸ್ನೇಕ್ ಪ್ಲಾಂಟ್, ಝಡ್‌ಝಡ್‌ಗಳಂಥ ನಿಧಾನಿಗಳಿಗೆ ಮೇಲೆ ಹೇಳಿದ ಗೊಬ್ಬರದ ಅರ್ಧವೂ ಹೆಚ್ಚು. ಕಿಟಕಿಯ ಬಳಿಯ ಅರೆಕಾ ಪಾಮ್‌ಗೆ ಇದು ಸಾಲದೆ ಹೋಗಬಹುದು, ಮೆಗ್ನೀಸಿಯಂ ಬೇರೆಯಾಗಿಯೇ ಬೇಕಾದೀತು.

ಈ ದಾರಿ ಹೊಂದದ ಸಂದರ್ಭಗಳೂ ಇವೆ. ಈಗಷ್ಟೇ ನರ್ಸರಿಯಿಂದ ತಂದ ಗಿಡದ ಬುಡದಲ್ಲಿ ಹಳದಿ ಅಥವಾ ಕಂದು ಬಣ್ಣದ ಸಣ್ಣ ಗುಂಡುಗಳು ಕಂಡರೆ ಅವು ನಿಧಾನವಾಗಿ ಗೊಬ್ಬರ ಬಿಡುವ ಲೇಪಿತ ಕಾಳುಗಳಿರಬಹುದು. ಹಲವು ತಿಂಗಳು ಅವೇ ಸಾಕು, ಮೇಲಿಂದ ಏನೂ ಬೇಡ. ಇನ್ನು ಗಾಜಿನ ಶೀಶೆಯ ಬರಿ ನೀರಿನಲ್ಲಿ ಮನಿಪ್ಲಾಂಟ್ ಬೆಳೆಸುವವರು ಎರೆಗೊಬ್ಬರದ ಮಾತನ್ನೇ ಬಿಡಬೇಕು. ಅಲ್ಲಿ ಅದು ಕೊಳೆತು ನೀರು ನಾರುತ್ತದೆ. ಅವರಿಗೆ ಲೀಟರಿಗೆ ಕಾಲು ಗ್ರಾಂ ಕರಗುವ ಗೊಬ್ಬರ, ಅದೂ ಯೂರಿಯಾಕ್ಕಿಂತ ನೈಟ್ರೇಟ್ ಹೆಚ್ಚಿರುವಂಥದ್ದು, ಮತ್ತು ವಾರ ಹತ್ತು ದಿನಕ್ಕೊಮ್ಮೆ ಹೊಸ ನೀರು.