ಬಂದೂಕುಗಾರನ ಲೇತ್

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಯಂತ್ರೋಪಕರಣಗಳನ್ನು ಮಾರುವವರ ಬೆಲೆಪಟ್ಟಿಯಲ್ಲಿ ‘ಬಂದೂಕುಗಾರನ ಲೇತ್’ ಎಂಬ ಹೆಸರಿನ ಯಂತ್ರವೊಂದು ಕಾಣಸಿಗುತ್ತದೆ. ಅದನ್ನು ಕೊಳ್ಳುವವನು ಕಾರ್ಖಾನೆಯ ಒಡೆಯನೇ ಆಗಬೇಕೆಂದಿಲ್ಲ. ಬೇಟೆಯ ಅಥವಾ ಗುರಿ ಹೊಡೆಯುವ ಹವ್ಯಾಸವುಳ್ಳ ಸಾಮಾನ್ಯ ಗೃಹಸ್ಥನೂ ಆಗಿರಬಹುದು. ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಅದನ್ನು ನಿಲ್ಲಿಸಿಕೊಂಡು, ತನ್ನ ಕೋವಿಗೆ ಹೊಸ ನಳಿಗೆಯೊಂದನ್ನು ತಾನೇ ಕೂಡಿಸಿಕೊಳ್ಳಬೇಕೆಂಬುದು ಅವನ ಬಯಕೆ. ಮನೆಯಲ್ಲಿ ಬಂದೂಕಿನ ಕೆಲಸವೆಂದೊಡನೆ ನಮ್ಮ ಮನಸ್ಸು ಬೆಚ್ಚುವುದು ಸಹಜ. ಆದರೆ ಆ ದೇಶದಲ್ಲಿ ಈಚೆಗೆ ನಡೆದ ದೊಡ್ಡ ವ್ಯಾಜ್ಯವೊಂದನ್ನು ಸರಿಯಾಗಿ ಅರಿಯಬೇಕಾದರೆ ಈ ಯಂತ್ರದ ಆಯ್ಕೆಯಿಂದಲೇ ಹೊರಡುವುದು ಲೇಸು.

ಲೇತ್ ನಮಗೆ ಅಪರಿಚಿತವಾದುದಲ್ಲ. ಚನ್ನಪಟ್ಟಣದ ಗೊಂಬೆಗಾರನು ಮರದ ತುಂಡನ್ನು ತಿರುಗಿಸಿ ಅದಕ್ಕೆ ಉಳಿ ಹಿಡಿಯುವುದೂ ಇದೇ ತತ್ತ್ವದ ಮೇಲೆ: ವಸ್ತು ತಿರುಗುತ್ತದೆ, ಉಳಿ ನಿಲ್ಲುತ್ತದೆ. ೧೯೪೧ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ನಾಡಿನ ಎಷ್ಟೋ ಕಮ್ಮಟಗಳಲ್ಲಿ ದುಡಿದವು. ೧೯೫೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಮೊದಲು ಮಾಡಿದ್ದೂ ಗಡಿಯಾರವನ್ನಲ್ಲ, ಲೇತನ್ನೇ.

ಹೀಗಿರುವಾಗ ಬಂದೂಕುಗಾರನಿಗೆಂದೇ ಬೇರೊಂದು ಲೇತ್ ಏಕೆ? ನಳಿಗೆಯೆಂಬುದು ಉದ್ದಕ್ಕೂ ರಂಧ್ರವುಳ್ಳ ಉಕ್ಕಿನ ಕಂಬಿಯಷ್ಟೆ. ಅದು ಯಂತ್ರದ ತಲೆಯ ಮೂಲಕ ಹಾದುಹೋಗಬೇಕು. ಕಚ್ಚಾ ನಳಿಗೆಯ ದಪ್ಪ ಸಾಮಾನ್ಯವಾಗಿ ೧.೨೫ ಅಂಗುಲವಾದುದರಿಂದ ತಿರುಗುವ ಕದಿರಿನ ಟೊಳ್ಳು ಅದಕ್ಕಿಂತ ಅಗಲವಾಗಿರಬೇಕು. ತಲೆಯ ಭಾಗ ಮೋಟಾಗಿರಬೇಕು. ನಳಿಗೆಯ ಹಿಂದಿನ ತುದಿಯನ್ನು ತಿರುಪುಗಳಿಂದ ಹಿಡಿದು ನಡುವಿಗೆ ತರುವ ಏರ್ಪಾಡಿರಬೇಕು. ಯಂತ್ರಕ್ಕೆ ನಿಧಾನವಾಗಿ ತಿರುಗುವ ಗುಣವಿರಬೇಕು. ಎಲ್ಲಕ್ಕೂ ಮಿಗಿಲಾಗಿ ತೂಕವಿರಬೇಕು. ಹಗುರವಾದ ಯಂತ್ರ ನಡುಗುತ್ತದೆ, ನಡುಕದ ಗುರುತು ಉಕ್ಕಿನ ಮೇಲೆ ಉಳಿಯುತ್ತದೆ.

ಹಳೆಯದನ್ನು ಕೊಳ್ಳುವುದೋ ಹೊಸದನ್ನೋ ಎಂಬುದು ಮುಂದಿನ ಪ್ರಶ್ನೆ. ೧೯೦೬ರಲ್ಲಿ ಇಂಡಿಯಾನಾ ಸಂಸ್ಥಾನದಲ್ಲಿ ಆರಂಭವಾದ ಸೌತ್ ಬೆಂಡ್ ಕಂಪನಿಯ ಹಳೆಯ ಲೇತುಗಳನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ಆದರೆ ಅವುಗಳ ಹಾಸು ತಲೆಯ ಬಳಿಯಲ್ಲಿ ಸವೆದಿರುವುದುಂಟು. ಬಣ್ಣ ಬಳಿದರೆ ಅದು ಮರೆಯಾಗದು. ಆ ಕಂಪನಿಯೂ ಕೈಯಿಂದ ಕೈಗೆ ದಾಟಿ ೨೦೦೯ರಲ್ಲಿ ಆಮದು ವ್ಯಾಪಾರದ ಗ್ರಿಜ್ಲಿ ಸಂಸ್ಥೆಯ ಒಡೆಯರ ಪಾಲಾಯಿತು. ಹೆಸರು ಉಳಿಯಿತು, ಆ ಹೆಸರಿನ ಹೊಸ ಲೇತುಗಳು ತೈವಾನಿನಿಂದ ಬಂದವು. ಸ್ವಾವಲಂಬನೆಯ ಕುರುಹೆಂದು ಬಂದೂಕನ್ನು ಕೊಂಡಾಡುವ ಅಮೆರಿಕದ ಗೃಹಸ್ಥನು ಅದರ ಕೆಲಸಕ್ಕೆ ಬೇಕಾದ ಯಂತ್ರಕ್ಕಾಗಿ ಕಡಲಾಚೆಗೆ ನೋಡುವಂತಾಯಿತು.

ಯಾವ ಲೇತನ್ನು ಕೊಂಡರೂ ಒಂದು ಮಾತು ಸತ್ಯ: ಅದು ಕೊಂಡವನಿಗೆ ಏನನ್ನೂ ಸಿದ್ಧವಾಗಿ ಕೊಡುವುದಿಲ್ಲ. ಅಂಗುಲದ ಸಾವಿರದಲ್ಲೊಂದು ಅಂಶವನ್ನು ಅಳೆಯಲು ಕಲಿಯಬೇಕು. ಹಲವು ತುಂಡು ಉಕ್ಕನ್ನು ಕೆಡಿಸಿಯೇ ಕೈ ಪಳಗಬೇಕು. ೧೯೬೮ರ ಬಂದೂಕು ನಿಯಂತ್ರಣ ಶಾಸನವು ಬಂದೂಕು ಮಾಡುವುದನ್ನು ವೃತ್ತಿಯಾಗಿ ಕೈಗೊಂಡವರು ಪರವಾನಗಿ ಪಡೆಯಬೇಕೆಂದಿತೇ ಹೊರತು, ಸ್ವಂತ ಬಳಕೆಗೆಂದು ಮನೆಯಲ್ಲಿ ಮಾಡಿಕೊಳ್ಳುವವರನ್ನು ಆ ಕಟ್ಟಿಗೆ ಒಳಪಡಿಸಲಿಲ್ಲ. ಆ ಉದಾಸೀನವನ್ನು ಸಾಧ್ಯವಾಗಿಸಿದ್ದು ಮನೆಗೆಲಸದ ಈ ಕಷ್ಟವೇ ಎಂದು ನನಗೆ ತೋರುತ್ತದೆ. ಕಾನೂನು ಹಾಕದ ಬೇಲಿಯನ್ನು ಕುಶಲತೆಯೇ ಹಾಕಿತ್ತು.

ಆ ಬೇಲಿ ಮುರಿದುದು ಲೇತಿನಿಂದಲ್ಲ. ಬಹುಮಟ್ಟಿಗೆ ಸಿದ್ಧಪಡಿಸಿದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು, ‘ಇದು ಇನ್ನೂ ಬಂದೂಕಲ್ಲ’ ಎಂಬ ನೆವದಿಂದ, ಕೊಳ್ಳುವವನ ಪೂರ್ವಚರಿತ್ರೆಯನ್ನು ವಿಚಾರಿಸದೆ, ಸಂಖ್ಯೆಯನ್ನೂ ಕೆತ್ತದೆ ಮಾರುವ ವ್ಯಾಪಾರ ಹಬ್ಬಿತು. ಹೀಗೆ ಹುಟ್ಟಿದವಕ್ಕೆ ಜನ ‘ಭೂತ ಬಂದೂಕು’ ಎಂದು ಹೆಸರಿಟ್ಟರು. ಮೂಲವನ್ನು ಪತ್ತೆ ಮಾಡಿಕೊಡಿರೆಂದು ಪೋಲೀಸರು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದ ಇಂಥ ಬಂದೂಕುಗಳು ೨೦೧೭ರಲ್ಲಿ ಸುಮಾರು ೧,೬೦೦. ೨೦೨೧ರಲ್ಲಿ ೧೯,೦೦೦ಕ್ಕೂ ಹೆಚ್ಚು. ೨೦೨೨ರಲ್ಲಿ ಸರ್ಕಾರವು ಈ ಪೆಟ್ಟಿಗೆಗಳನ್ನೂ ಶಾಸನದ ಕಟ್ಟಿಗೆ ತರುವ ನಿಯಮವನ್ನು ಹೊರಡಿಸಿತು. ವ್ಯಾಪಾರಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ೨೦೨೫ರ ಮಾರ್ಚ್ ೨೬ರಂದು ಸರ್ವೋಚ್ಚ ನ್ಯಾಯಾಲಯವು ಏಳು-ಎರಡರ ಬಹುಮತದಿಂದ, ಇಂಥ ಕೆಲವು ಪೆಟ್ಟಿಗೆಗಳಾದರೂ ೧೯೬೮ರ ಶಾಸನದ ವ್ಯಾಪ್ತಿಗೆ ಬರುತ್ತವೆಂದು ತೀರ್ಮಾನಿಸಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಗೋರ್ಸಚ್ ಅವರು ಉಲ್ಲೇಖಿಸಿದ ಒಂದು ಸಂಗತಿಯೇ ಸಾಕು: ಅಂಥ ಪೆಟ್ಟಿಗೆಯನ್ನು ಹಿಂದೆಂದೂ ಕಂಡಿರದವನೊಬ್ಬನು ಸಾಮಾನ್ಯ ಉಪಕರಣಗಳಿಂದ ೨೧ ನಿಮಿಷಗಳಲ್ಲಿ ಅದನ್ನು ಬಂದೂಕಾಗಿಸಿದ್ದ.

ಇಲ್ಲಿ ಸ್ವಾತಂತ್ರ್ಯಪಕ್ಷದವರ ಆಕ್ಷೇಪವೊಂದಿದೆ: ಇಂದು ಪೆಟ್ಟಿಗೆ, ನಾಳೆ ಲೇತ್, ಉಪಕರಣವನ್ನೇ ಶಂಕಿಸುವ ಸರ್ಕಾರ ಎಲ್ಲಿ ನಿಂತೀತು? ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಉತ್ತರವೂ ಉಂಟು. ೨೦೨೨ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು, ಬಂದೂಕು ತಯಾರಿಸುವುದೇ ಮುಖ್ಯ ಕಾರ್ಯವಾಗಿರುವ ಗಣಕಚಾಲಿತ ಕೊರೆಯುವ ಯಂತ್ರಗಳ ಮಾರಾಟವನ್ನು ಸಾಮಾನ್ಯರ ಮಟ್ಟಿಗೆ ತಡೆಯಿತು. ಲೇತನ್ನು ಅದು ಮುಟ್ಟಲಿಲ್ಲ. ಬಂದೂಕುಗಾರನ ಲೇತಿನಲ್ಲಿ ಪಂಪಿನ ಅಚ್ಚನ್ನೂ ಮಾಡಬಹುದು, ಗಾಡಿಯ ಬುಶ್ಶನ್ನೂ ಮಾಡಬಹುದು. ಮನುಷ್ಯನ ಕೈಗೆ ಕಲಿಸುವ ಯಂತ್ರಕ್ಕೂ ಕೈಯೇ ಬೇಡವೆನ್ನುವ ಯಂತ್ರಕ್ಕೂ ಇರುವ ಭೇದವನ್ನು ಕಾನೂನು ಕಾಣಲು ಯತ್ನಿಸಿದೆ.

ಹಾಗೆಂದು ಕುಶಲತೆಯನ್ನೇ ಸದ್ಗುಣವೆಂದು ಬಗೆಯುವುದು ತಪ್ಪಾದೀತು. ೨೦೨೨ರ ಜುಲೈ ೮ರಂದು ಜಪಾನಿನ ನಾರಾ ನಗರದಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಕೊಂದದ್ದು ಮನೆಯಲ್ಲಿ ಮಾಡಿದ ಬಂದೂಕೇ. ಬಂದೂಕಿನ ಕಾನೂನು ಅತ್ಯಂತ ಬಿಗಿಯಾಗಿರುವ ದೇಶದಲ್ಲಿ ಅದು ನಡೆಯಿತು. ದ್ವೇಷಕ್ಕೂ ತಾಳ್ಮೆಯಿರುತ್ತದೆ. ಪಣತೊಟ್ಟ ಒಬ್ಬನನ್ನು ತಡೆಯುವ ಶಕ್ತಿ ಯಾವ ಶಾಸನಕ್ಕೂ ಪೂರ್ತಿಯಾಗಿ ಇಲ್ಲ. ಆದರೆ ಆ ಒಬ್ಬನಿಗೂ ಹತ್ತೊಂಬತ್ತು ಸಾವಿರಕ್ಕೂ ವ್ಯತ್ಯಾಸವಿಲ್ಲವೆ? ಕ್ಷಣದ ಕೋಪವುಳ್ಳವನು, ಬುದ್ಧಿ ಬಲಿಯದ ಹುಡುಗ, ಅಂಗಡಿಯಲ್ಲಿ ಬಂದೂಕು ದೊರೆಯದ ಅಪರಾಧಿ, ಇವರನ್ನು ತಿಂಗಳುಗಟ್ಟಲೆಯ ದುಡಿಮೆ ತಡೆದೀತು. ೨೧ ನಿಮಿಷ ತಡೆಯಲಾರದು.

ನಮ್ಮ ದೇಶ ಬೇರೆ ದಾರಿ ಹಿಡಿದಿದೆ. ೧೯೫೯ರ ಆಯುಧ ಶಾಸನವು ಪರವಾನಗಿಯಿಲ್ಲದೆ ಬಂದೂಕನ್ನು ತಯಾರಿಸುವುದನ್ನು ನಿಷೇಧಿಸಿದೆ. ಕೈಲ್ ಪೊಳ್ದ್ ಹಬ್ಬದಂದು ಕೋವಿಯನ್ನು ಪೂಜಿಸುವ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ೨೦೨೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತಾದರೂ, ಅದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೇ ಹೊರತು ಮಾಡುವುದಕ್ಕಲ್ಲ. ಈ ಕಟ್ಟನ್ನು ಅಮೆರಿಕದವರು ಒಪ್ಪಲಾರರು. ಒಪ್ಪಬೇಕೆಂದು ಹೇಳುವುದು ನಮ್ಮ ಕೆಲಸವೂ ಅಲ್ಲ.

ಆದರೆ ಅವರ ನ್ಯಾಯಾಲಯ ಎತ್ತಿದ ಪ್ರಶ್ನೆ ಎಲ್ಲರದೂ ಆಗಿದೆ. ಕಚ್ಚಾ ಉಕ್ಕಿಗೂ ಕೊಲ್ಲುವ ಆಯುಧಕ್ಕೂ ನಡುವೆ ಒಂದು ದೂರವಿದೆ. ಹಿಂದೆ ಆ ದೂರವನ್ನು ಕಾದವನು ಕುಶಲಕರ್ಮಿ. ಇಂದು ವ್ಯಾಪಾರವೂ ಗಣಕಯಂತ್ರವೂ ಅದನ್ನು ದಿನದಿನಕ್ಕೆ ಕಿರಿದುಗೊಳಿಸುತ್ತಿವೆ. ಅದನ್ನು ಅಳೆಯುವ ಹೊಣೆ ಈಗ ಶಾಸನದ ಮೇಲೆ ಬಿದ್ದಿದೆ. ಕೊಟ್ಟಿಗೆಯಲ್ಲಿ ಲೇತಿನ ಮುಂದೆ ನಿಂತು ಸಾವಿರದಲ್ಲೊಂದು ಅಂಶವನ್ನು ಅಳೆಯುವವನು ಶಾಸನಕಾರನಿಂದಲೂ ಅಷ್ಟೇ ನಿಖರವಾದ ಅಳತೆಯನ್ನು ಕೇಳಿದರೆ, ಆ ಬೇಡಿಕೆ ನ್ಯಾಯವಾದುದೇ.