ಬ್ಲಾಕ್ ಇಲ್ಲ ಎಂದರೆ ರೋಗವೇ ಇಲ್ಲ ಎಂದಲ್ಲ

ಆ್ಯಂಜಿಯೋಗ್ರಾಮ್ ಮಾಡಿಸಿಕೊಂಡು ಬಂದ ಅನೇಕರು ಕೇಳುವ ಪ್ರಶ್ನೆ ಒಂದೇ: "ದೊಡ್ಡ ಬ್ಲಾಕ್ ಏನೂ ಇಲ್ಲ ಅಂದ್ರು ಡಾಕ್ಟ್ರೇ, ಇನ್ನು ಕೊಲೆಸ್ಟರಾಲ್ ಮಾತ್ರೆ ಬಿಡಬಹುದಲ್ವಾ?" ನನ್ನ ಉತ್ತರ: ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕೇಳದೆ ಬಿಡಬೇಡಿ.

ಕಾರಣವಿದೆ. ಆ್ಯಂಜಿಯೋಗ್ರಾಮ್‌ನಲ್ಲಿ ರಕ್ತನಾಳದೊಳಗೆ ಡೈ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಅದರಲ್ಲಿ ಕಾಣುವುದು ರಕ್ತ ಹರಿಯುವ ದಾರಿ ಮಾತ್ರ, ನಾಳದ ಗೋಡೆಯಲ್ಲ. ಆದರೆ ಕೊಬ್ಬು, ಸುಣ್ಣ ಸೇರಿ ಪ್ಲಾಕ್ ಬೆಳೆಯುವುದು ಆ ಗೋಡೆಯಲ್ಲಿಯೇ. ಆರಂಭದಲ್ಲಿ ನಾಳವು ಹೊರಕ್ಕೆ ಹಿಗ್ಗಿ ದಾರಿಯನ್ನು ಉಳಿಸಿಕೊಳ್ಳುತ್ತದೆ. ಪ್ಲಾಕ್ ಸುಮಾರು ಶೇ. 40ರಷ್ಟು ಜಾಗ ಆಕ್ರಮಿಸುವವರೆಗೂ ದಾರಿ ಕಿರಿದಾಗದೆ ಇರಬಹುದು ಎಂದು ಅಮೆರಿಕದ ಸೀಮೋರ್ ಗ್ಲಾಗೋವ್ ಮತ್ತು ಸಂಗಡಿಗರು 1987ರಲ್ಲಿ ಮೃತರ ಹೃದಯಗಳನ್ನು ಪರೀಕ್ಷಿಸಿ ತೋರಿಸಿದರು. ಇಂತಹ ಪ್ಲಾಕ್ ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತವಾಗಬಹುದು.

ಬದುಕಿರುವವರಲ್ಲಿ ಈ ಗೋಡೆಯನ್ನು ನೋಡಲು ಇರುವ ಒಂದು ವಿಧಾನ ಐವಸ್, ಅಂದರೆ ರಕ್ತನಾಳದೊಳಗಿನ ಅಲ್ಟ್ರಾಸೌಂಡ್. ಗರ್ಭಿಣಿಯರ ಸ್ಕ್ಯಾನಿಂಗ್‌ನಂತೆ ಇದೂ ಶಬ್ದತರಂಗಗಳಿಂದಲೇ ನಡೆಯುತ್ತದೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ಕೊಳವೆಯನ್ನು ಮಣಿಕಟ್ಟು ಅಥವಾ ತೊಡೆಸಂದಿಯ ನಾಳದ ಮೂಲಕ ಹೃದಯದ ನಾಳಕ್ಕೆ ಕಳುಹಿಸಿ, ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾರೆ. ಮರವನ್ನು ಅಡ್ಡ ಕತ್ತರಿಸಿದಾಗ ಉಂಗುರಗಳು ಕಾಣುವಂತೆ ನಾಳದ ಪದರಗಳು ಪರದೆಯ ಮೇಲೆ ಕಾಣುತ್ತವೆ. ಸುಣ್ಣಗಟ್ಟಿದ ಭಾಗ ಬೆಳ್ಳಗೆ ಹೊಳೆಯುತ್ತದೆ. ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ.

ಈ ಪರೀಕ್ಷೆಯಿಂದ ಔಷಧಿಯ ಪರಿಣಾಮವನ್ನೂ ಅಳೆಯಬಹುದು. 2011ರಲ್ಲಿ ಪ್ರಕಟವಾದ 'ಸ್ಯಾಟರ್ನ್' ಅಧ್ಯಯನದಲ್ಲಿ 1,039 ರೋಗಿಗಳ ನಾಳಗಳನ್ನು ಹೀಗೆ ಅಳೆದರು. ಸುಮಾರು ಎರಡು ವರ್ಷ ಹೆಚ್ಚಿನ ಪ್ರಮಾಣದ ಸ್ಟ್ಯಾಟಿನ್ ಮಾತ್ರೆ ಕೊಟ್ಟ ನಂತರ, ನಾಳದಲ್ಲಿ ಪ್ಲಾಕ್‌ನ ಪಾಲು ಶೇ. 1ರ ಆಸುಪಾಸು ಮಾತ್ರ ಇಳಿದಿತ್ತು. ಅದೂ ಎಲ್ಲರಲ್ಲಿ ಅಲ್ಲ, ಮೂವರಲ್ಲಿ ಸುಮಾರು ಇಬ್ಬರಲ್ಲಿ. ಇಳಿಕೆ ಚಿಕ್ಕದಾದರೂ ಲಾಭ ಚಿಕ್ಕದಲ್ಲ. ಸ್ಟ್ಯಾಟಿನ್ ಪ್ಲಾಕನ್ನು ಗಟ್ಟಿಗೊಳಿಸಿ ಅದು ಒಡೆಯುವ ಅಪಾಯವನ್ನು ತಗ್ಗಿಸುತ್ತದೆ.

ಹೀಗಿರುವಾಗ ಬೆಳ್ಳುಳ್ಳಿ, ಶುಂಠಿ, ಲಿಂಬೆ, ಜೇನು ಬೆರೆಸಿದ ಕಷಾಯದಿಂದ ಮೂರೇ ತಿಂಗಳಲ್ಲಿ ಬ್ಲಾಕ್ ಕರಗುತ್ತದೆ ಎನ್ನುವವರನ್ನು ಏನೆನ್ನಬೇಕು? ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂಬ ಅಳತೆ ಅವರು ತೋರಿಸಲಿ. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ನಮ್ಮ ಪರಂಪರೆಯ ಇಬ್ನ್ ನಫೀಸ್ 13ನೇ ಶತಮಾನದಲ್ಲಿ, ರಕ್ತವು ಶ್ವಾಸಕೋಶದ ಮೂಲಕ ಹಾದು ಹೃದಯದ ಎಡಭಾಗಕ್ಕೆ ಬರುತ್ತದೆ ಎಂದು ಬರೆದು ಗ್ಯಾಲನ್ ಮತ್ತು ಇಬ್ನ್ ಸೀನಾರನ್ನೇ ತಿದ್ದಿದವರು. ಹಿರಿಯರು ಹೇಳಿದ್ದನ್ನೂ ಪರೀಕ್ಷಿಸಿ ನೋಡುವುದೇ ಅವರಿಗೆ ಸಲ್ಲಿಸುವ ಗೌರವ. ಅಳತೆಯಿಲ್ಲದ ಭರವಸೆ ಮಾರುವವರು ನಮ್ಮ ವೈದ್ಯಪದ್ಧತಿಗೇ ಕೆಟ್ಟ ಹೆಸರು ತರುತ್ತಾರೆ.

ಹಾಗೆಂದು ಎಲ್ಲರೂ ಐವಸ್ ಮಾಡಿಸಬೇಕಿಲ್ಲ. ಅದು ದೇಹದೊಳಗೆ ಕೊಳವೆ ಹಾಕುವ ಪರೀಕ್ಷೆ. ಮುಖ್ಯವಾಗಿ ಸ್ಟೆಂಟ್ ಹಾಕುವಾಗ ಸರಿಯಾದ ಅಳತೆಗೆ ನೆರವಾಗುತ್ತದೆ. ಅಗತ್ಯವೇ ಎಂಬುದನ್ನು ಹೃದ್ರೋಗ ತಜ್ಞರು ನಿರ್ಧರಿಸಲಿ. ಮನೆಯಲ್ಲಿ ಮಾಡಬೇಕಾದ್ದು ಬೇರೆ ಇದೆ: ಬೀಡಿ, ಸಿಗರೇಟು ಬಿಡಿ. ಬಿ.ಪಿ., ಶುಗರ್ ಹತೋಟಿಯಲ್ಲಿಡಿ. ಎಣ್ಣೆಯಲ್ಲಿ ಕರಿದದ್ದು ಕಡಿಮೆ ಮಾಡಿ, ದಿನವೂ ನಡೆಯಿರಿ. ಯುನಾನಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಹೃದಯದ ಡಾಕ್ಟರಿಗೆ ತಿಳಿಸಿ. ಅವರು ಬರೆದ ಮಾತ್ರೆಗಳ ಚೀಟಿಯನ್ನು ನಮಗೂ ತೋರಿಸಿ.